ವಿಜಾಪುರದ ಕೋಟೆಯೂ ಬೊಕ್ಕಸವೂ

೧

ರಾಜ್ಯವೊಂದು ತನ್ನ ಆದಾಯದಲ್ಲಿ ಎಷ್ಟು ಪಾಲನ್ನು ದಂಡಿಗಾಗಿ ವೆಚ್ಚ ಮಾಡತಕ್ಕದ್ದು, ಎಷ್ಟಾದರೆ ಆ ವೆಚ್ಚವು ಅತಿಯಾಯಿತೆನ್ನಬೇಕು ಎಂಬ ಪ್ರಶ್ನೆಯು ಹೊಸತಲ್ಲ. ಪ್ರಾಚೀನ ನೀತಿಶಾಸ್ತ್ರಕಾರರು ಇದನ್ನು ಸಪ್ತಾಂಗಗಳ ಬಲಾಬಲವಿಚಾರವೆಂಬ ರೂಪದಲ್ಲಿ ಚರ್ಚಿಸಿರುವರು. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಮೈಸೂರಿನಲ್ಲಿ ಮೊತ್ತಮೊದಲು ಅಚ್ಚಾಗಿ ಬೆಳಕಿಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಈ ಚರ್ಚೆಯು ವಿಸ್ತಾರವಾಗಿದೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳಲ್ಲಿ ಯಾವುದಕ್ಕೆ ಕೇಡು ಬಂದರೆ ರಾಜ್ಯಕ್ಕೆ ಹೆಚ್ಚಿನ ಕೇಡೆಂಬುದು ಅಲ್ಲಿಯ ವಿಷಯ. ಜನಪದಕ್ಕಿಂತ ದುರ್ಗವೇ ಮೇಲೆಂದು ಪಾರಾಶರರೂ, ಕೋಶಕ್ಕಿಂತ ದಂಡೇ ಮೇಲೆಂದು ಕೌಣಪದಂತನೂ ವಾದಿಸುತ್ತಾರೆ. ಕೌಟಿಲ್ಯನು ಇವೆರಡನ್ನೂ ಒಪ್ಪುವುದಿಲ್ಲ. ಕೋಟೆ, ಬೊಕ್ಕಸ, ಸೈನ್ಯ, ನೀರಾವರಿ ಇವೆಲ್ಲವೂ ಜನಪದವನ್ನೇ ಆಶ್ರಯಿಸಿರುವುದರಿಂದ ಜನಪದವೇ ಮೇಲೆಂದೂ, ಸಂಬಳ ಕೊಡಲಾರದ ಅರಸನ ಸೈನ್ಯವು ಹಗೆಯ ಕಡೆಗೋ ತನ್ನ ಒಡೆಯನ ಮೇಲೆಯೋ ತಿರುಗದಿರದಾದುದರಿಂದ ದಂಡಿಗಿಂತ ಕೋಶವೇ ಮೇಲೆಂದೂ ಆತನ ಸಿದ್ಧಾಂತ. ಹತ್ತನೆಯ ಶತಮಾನದಲ್ಲಿ ಕನ್ನಡದ ಅರಸುಮನೆತನಗಳ ಆಶ್ರಯದಲ್ಲಿ ಬಾಳಿದ ಸೋಮದೇವಸೂರಿಯೂ ತನ್ನ ನೀತಿವಾಕ್ಯಾಮೃತದಲ್ಲಿ ಬೊಕ್ಕಸವನ್ನು ಅರಸನ ಉಸಿರಿಗಿಂತಲೂ ಹೆಚ್ಚಿನದಾಗಿ ಎಣಿಸಿದ್ದಾನೆ.

ಶಾಸ್ತ್ರದ ಈ ಮಾತನ್ನು ಪರೀಕ್ಷಿಸುವುದಕ್ಕೆ ಕನ್ನಡ ನಾಡಿನಲ್ಲಿ ವಿಜಾಪುರಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ೨೦೧೪ರಿಂದ ವಿಜಯಪುರವೆಂಬ ತನ್ನ ಹಳೆಯ ಹೆಸರನ್ನೇ ಅಧಿಕೃತವಾಗಿ ಮರಳಿ ಪಡೆದಿರುವ ಈ ನಗರವು ಹದಿನೈದನೆಯ ಶತಮಾನದ ಕಡೆಯಿಂದ ೧೬೮೬ರವರೆಗೆ ಆದಿಲಶಾಹಿ ರಾಜ್ಯದ ರಾಜಧಾನಿಯಾಗಿದ್ದಿತು. ಅದರ ಗೋಡೆ, ಕೊತ್ತಳ, ತೋಪುಗಳು ಇಂದಿಗೂ ನಿಂತಿವೆ. ಕೆರೆ ಬಾವಿಗಳೂ ನಿಂತಿವೆ. ಹೀಗೆ ಒಂದು ರಾಜ್ಯವು ಯುದ್ಧಕ್ಕಾಗಿ ಮಾಡಿದ ವೆಚ್ಚವನ್ನೂ ಜನಕ್ಕಾಗಿ ಮಾಡಿದ ವೆಚ್ಚವನ್ನೂ ಪಕ್ಕಪಕ್ಕದಲ್ಲಿಯೇ ಇಟ್ಟು ನೋಡಲು ಅಲ್ಲಿ ಅವಕಾಶವಿದೆ. ವಿಜಾಪುರದ ಪತನಕ್ಕೆ ಮೊಗಲರ ಬಲವೇ ಕಾರಣವೆಂದು ಕೆಲವರೂ, ಸುಲ್ತಾನರ ವಿಲಾಸವೇ ಕಾರಣವೆಂದು ಕೆಲವರೂ ಹೇಳುವುದುಂಟು. ಈ ಎರಡು ಕಾರಣಗಳ ನಡುವೆ ಸೇನಾವ್ಯಯವೆಂಬ ಮೂರನೆಯದೊಂದು ಅಡಗಿರುವುದನ್ನು ತೋರಿಸುವುದೇ ಪ್ರಕೃತ ಉದ್ದೇಶ.

೨

ಮೊದಲು ಕೋಟೆಯನ್ನು ನೋಡಬೇಕು. ನಗರವನ್ನು ಸುತ್ತಿರುವ ಹೊರಗೋಡೆಯು ಒಂದನೆಯ ಅಲಿ ಆದಿಲಶಾಹನ (೧೫೫೮–೧೫೮೦) ಕಾಲದ್ದು. ೧೫೬೫ರಲ್ಲಿ ಮುಗಿಯಿತೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಅದರ ಸುತ್ತಳತೆಯು ಆರು ಮೈಲಿಗೂ ಮಿಕ್ಕಿದ್ದು, ಎಂದರೆ ಸುಮಾರು ೧೦ ಕಿಲೋಮೀಟರು. ಬುರುಜುಗಳು ೯೬. ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ ಎಂಬ ಐದು ಹೆಬ್ಬಾಗಿಲುಗಳು. ಗೋಡೆಯ ಹೊರಗೆ ಅಗಲವಾದ ಕಂದಕ. ಸರದಾರರಲ್ಲಿ ಒಬ್ಬೊಬ್ಬನಿಗೆ ಒಂದೊಂದು ತುಂಡನ್ನು ಕಟ್ಟಿಸಲು ಒಪ್ಪಿಸಿದುದರಿಂದಲೇ ಗೋಡೆಯ ರಚನೆಯು ಎಲ್ಲೆಡೆಯೂ ಒಂದೇ ಬಗೆಯಾಗಿಲ್ಲವೆಂದು ವಾಸ್ತುಜ್ಞರು ಊಹಿಸಿರುವರು. ಈ ಸಂಗತಿಯು ಗಮನಾರ್ಹವಾದುದು. ಇಷ್ಟು ದೊಡ್ಡ ವೆಚ್ಚವು ಬೊಕ್ಕಸದಿಂದ ನೇರವಾಗಿ ಹೊರಡದೆ ಸರದಾರರ ಕೈಯ ಮೂಲಕ, ಎಂದರೆ ಅವರ ಜಹಗೀರಿನ ರೈತರ ಮೂಲಕ ನಡೆಯಿತೆಂಬುದನ್ನು ಅದು ಸೂಚಿಸುತ್ತದೆ.

ಈ ವೆಚ್ಚವನ್ನು ವ್ಯರ್ಥವೆನ್ನುವುದು ನ್ಯಾಯವಲ್ಲ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿನಲ್ಲಿ ಇಸ್ಮಾಯಿಲ ಆದಿಲಶಾಹನನ್ನು ಸೋಲಿಸಿದ ಮೇಲೆ ವಿಜಾಪುರವು ದಕ್ಷಿಣದ ಕಡೆಯಿಂದ ಎಂದೂ ನಿರ್ಭಯವಾಗಿರಲಿಲ್ಲ. ಉತ್ತರದಲ್ಲಿ ಅಹಮದನಗರದ ನಿಜಾಮಶಾಹಿ, ಪೂರ್ವದಲ್ಲಿ ಬೀದರ, ಗೋಲಕೊಂಡಗಳು ಒಮ್ಮೆ ಮಿತ್ರರು, ಇನ್ನೊಮ್ಮೆ ಹಗೆಗಳು. ಹೀಗಿರುವಲ್ಲಿ ಬಯಲುನಾಡಿನ ನಡುವೆ, ಬೆಟ್ಟದ ಆಸರೆಯೂ ಹೊಳೆಯ ಆಸರೆಯೂ ಇಲ್ಲದ ರಾಜಧಾನಿಗೆ ಗೋಡೆಯು ಅವಶ್ಯವೇ ಆಗಿದ್ದಿತು. ಅದಲ್ಲದೆ ೧೫೬೫ರ ಜನವರಿ ೨೩ರಂದು ರಕ್ಕಸತಂಗಡಿಯ ಯುದ್ಧದಲ್ಲಿ ದೊರೆತ ಜಯದಿಂದ ರಾಯಚೂರಿನ ದೋಆಬವೂ, ಆಮೇಲಿನ ಹತ್ತು ವರುಷಗಳಲ್ಲಿ ಆದವಾನಿ, ಬಂಕಾಪುರಗಳೂ ಆದಿಲಶಾಹಿಗೆ ಸೇರಿದವು. ಕೃಷ್ಣೆ ತುಂಗಭದ್ರೆಗಳ ನಡುವಣ ಭೂಮಿಯ ಕಂದಾಯವು ದಂಡಿಗೆ ಹಾಕಿದ ಹಣವನ್ನು ಹಲವು ಮಡಿಯಾಗಿ ತಂದುಕೊಟ್ಟಿತು. ಹದಿನಾರನೆಯ ಶತಮಾನದ ವಿಜಾಪುರದಲ್ಲಿ ಸೇನಾವ್ಯಯವು ಅತಿಯಾಗಿತ್ತೆನ್ನಲು ಆಧಾರವಿಲ್ಲ. ಗೋಡೆಯು ಒಮ್ಮೆ ಕಟ್ಟಿದರೆ ಮುಗಿಯುವ ವೆಚ್ಚ. ದಂಡಿನ ಸಂಬಳವು ತಿಂಗಳು ತಿಂಗಳಿಗೂ ಹುಟ್ಟುವ ವೆಚ್ಚ. ಈ ಎರಡರ ಭೇದವನ್ನು ಮುಂದಿನ ವಿಚಾರದಲ್ಲಿ ಮರೆಯಬಾರದು.

೩

ತೋಪುಗಳ ವಿಷಯವು ಇದಕ್ಕಿಂತ ತುಸು ಬೇರೆಯಾಗಿದೆ. ೧೫೮೪ರ ಸುಮಾರಿಗೆ ಹೈದರಖಾನನು ಕಟ್ಟಿಸಿದ ಉಪಲಿ ಬುರುಜು ಸುಮಾರು ೮೦ ಅಡಿ ಎತ್ತರವಾಗಿದ್ದು, ಅದರ ಮೇಲಣ ಲಂಬಚರಿಯೆಂಬ ತೋಪು ೩೦ ಅಡಿಗೂ ಹೆಚ್ಚು ಉದ್ದವಾಗಿದೆ. ಆದರೆ ವಿಜಾಪುರದ ಹೆಸರನ್ನು ದೂರದೂರಕ್ಕೆ ಕೊಂಡೊಯ್ದ ತೋಪು ಮಲಿಕ್-ಎ-ಮೈದಾನ್. ಇದು ವಿಜಾಪುರದಲ್ಲಿ ಎರಕವಾದುದಲ್ಲ. ೧೫೪೯ರಲ್ಲಿ ಅಹಮದನಗರದ ಬುರ್ಹಾನ ನಿಜಾಮಶಾಹನಿಗಾಗಿ ಮಹಮ್ಮದ ಬಿನ್ ಹಸನ್ ರೂಮಿಯೆಂಬ ತುರುಕ ದೇಶದ ಎರಕದವನು ಇದನ್ನು ಮಾಡಿದನು. ಉದ್ದ ೧೪ ಅಡಿ ೪ ಅಂಗುಲ, ಬಾಯ ವ್ಯಾಸ ೨ ಅಡಿ ೪ ಅಂಗುಲ, ತೂಕ ಸುಮಾರು ೫೫ ಟನ್ನು. ೧೬೩೨ರಲ್ಲಿ ವಿಜಾಪುರದ ಸೇನಾನಿ ಮುರಾರಿ ಪಂಡಿತನು ಪರಂಡೆಯ ಕೋಟೆಯಿಂದ ಇದನ್ನು ಗೆಲುವಿನ ಗುರುತಾಗಿ ತಂದನು. ಹತ್ತು ಆನೆಗಳೂ ನಾನೂರು ಎತ್ತುಗಳೂ ನೂರಾರು ಆಳುಗಳೂ ಇದನ್ನು ಎಳೆದು ತಂದವೆಂದು ಐತಿಹ್ಯವುಂಟು.

ಆ ಕಾಲವಾವುದು? ೧೬೩೦ರಿಂದ ೧೬೩೨ರವರೆಗೆ ಗುಜರಾತ ಮತ್ತು ದಖ್ಖಣಗಳಲ್ಲಿ ಮಹಾಕ್ಷಾಮವು ಹಬ್ಬಿದ್ದ ಕಾಲ. ಅದೇ ೧೬೩೧–೩೨ರಲ್ಲಿ ಶಹಜಹಾನನ ಸೇನಾನಿ ಆಸಫಖಾನನು ವಿಜಾಪುರವನ್ನು ಮುತ್ತಿ, ತನ್ನ ದಂಡಿಗೆ ಕಾಳೂ ಮೇವೂ ದೊರೆಯದುದರಿಂದ ಕೆಲವು ವಾರಗಳಲ್ಲಿಯೇ ಮುತ್ತಿಗೆಯನ್ನು ತೆಗೆದು ಹಿಂದಿರುಗಿದನು. ನಗರವು ಉಳಿದುದು ತೋಪಿನಿಂದಲ್ಲ, ಸುತ್ತಲಿನ ನಾಡು ಬರಿದಾಗಿದ್ದುದರಿಂದ. ಈ ಉಪಾಯವು ಮುಂದೆ ವಿಜಾಪುರದ ಮುಖ್ಯ ಆಯುಧವಾಯಿತು. ಕಡೆಗೆ ಅದರ ಮೃತ್ಯುವೂ ಆಯಿತು.

ಶೆರ್ಜಾ ಬುರುಜಿನ ಮೇಲೆ ಈಗಲೂ ಕುಳಿತಿರುವ ಆ ತೋಪಿನ ಮೈಯಲ್ಲಿ ಅದನ್ನು ಮಾಡಿಸಿದ ನಿಜಾಮಶಾಹನ ಕಾಲದ ಲೇಖವಿದೆ. ವಿಜಾಪುರವನ್ನು ಗೆದ್ದ ಔರಂಗಜೇಬನ ಲೇಖವೂ ಇದೆ. ಆಯುಧವು ಯಾರ ಕೈಯಲ್ಲಿದ್ದರೆ ಅವರದು. ಅದಕ್ಕೆ ತನ್ನ ನಾಡೆಂಬುದಿಲ್ಲ.

೪

ಇನ್ನು ನೀರಿನ ವಿಚಾರ. ವಿಜಾಪುರದ ಸೀಮೆಯು ಮಳೆ ಕಡಿಮೆಯಾದ ಕರಿನೆಲದ ಬಯಲು. ಡೋಣಿಯ ಬದಿಯ ಹೊಲಗಳಲ್ಲಿ ಹದವಾದ ಮಳೆಯಾದರೆ ಬಿಳಿಜೋಳವು ತುಂಬಿ ಬರುವುದು. ಇಲ್ಲವಾದರೆ ಜನವೂ ದನವೂ ಊರು ಬಿಡಬೇಕಾಗುವುದು. ಇಂತಹ ನಾಡಿನಲ್ಲಿ ಕೆರೆ ಕಟ್ಟಿಸುವುದನ್ನು ಜನರು ಧರ್ಮಕಾರ್ಯವೆಂದೇ ಎಣಿಸಿಕೊಂಡು ಬಂದಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ತನ್ನ ಊರಿನಲ್ಲಿ ಕೆರೆಯನ್ನು ಕಟ್ಟಿಸಿದನು. ಅಂಥ ಕಾಯಕದವನು ದೇವರಾಗಿ ಸಿದ್ಧೇಶ್ವರನೆಂಬ ಹೆಸರಿನಿಂದ ಪೂಜೆಗೊಳ್ಳುತ್ತಿರುವುದೂ, ವಿಜಾಪುರದ ಸಿದ್ಧೇಶ್ವರ ಗುಡಿಯಲ್ಲಿ ಮಕರಸಂಕ್ರಾಂತಿಯ ಜಾತ್ರೆಯು ವರ್ಷವರ್ಷವೂ ನೆರೆಯುತ್ತಿರುವುದೂ ಈ ಸೀಮೆಯ ಜನರು ನೀರಿಗೆ ಕೊಟ್ಟ ಬೆಲೆಯನ್ನು ತೋರಿಸುತ್ತವೆ.

ಆದಿಲಶಾಹಿ ಅರಸರು ಈ ಬೆಲೆಯನ್ನು ಅರಿಯದವರಾಗಿರಲಿಲ್ಲ. ಒಂದನೆಯ ಅಲಿಯ ಕಾಲದಲ್ಲಿ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ನೀರನ್ನು ತರಲಾಯಿತು. ಕುಮಾರವಾಲ್ಮೀಕಿಯ ರಾಮಾಯಣದಿಂದ ಕನ್ನಡ ಓದುಗರೆಲ್ಲರಿಗೂ ಪರಿಚಿತವಾದ ತೊರವಿಯೇ ಇದು. ೧೫೭೯ರಲ್ಲಿ ಚಾಂದ್ ಬಾವಡಿಯೂ, ಎರಡನೆಯ ಇಬ್ರಾಹಿಮನ (೧೫೮೦–೧೬೨೭) ಆಳಿಕೆಯಲ್ಲಿ ೧೬೨೦ರಲ್ಲಿ ತಾಜ್ ಬಾವಡಿಯೂ ಆದವು. ಮಹಮ್ಮದ ಆದಿಲಶಾಹನು (೧೬೨೭–೧೬೫೬) ೧೬೫೧ರಲ್ಲಿ ನಗರದ ದಕ್ಷಿಣಕ್ಕೆ ೨೩೪ ಎಕರೆಗಳಷ್ಟು ಹರವಿನ ಬೇಗಂ ತಲಾಬನ್ನು ಕಟ್ಟಿಸಿ, ನೆಲದಲ್ಲಿ ಆಳವಾಗಿ ಹೂಳಿದ ಮಣ್ಣಿನ ಕೊಳವೆಗಳಿಂದ ಊರೊಳಕ್ಕೆ ನೀರು ಹರಿಯುವಂತೆ ಮಾಡಿದನು. ಕೊಳವೆಗಳಲ್ಲಿ ನೀರಿನ ಒತ್ತಡವು ಹೆಚ್ಚಿ ಒಡೆಯದಂತೆ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಲಾಗಿದ್ದಿತು. ಅವುಗಳಲ್ಲಿ ಕೆಲವು ಇಂದೂ ಕಾಣುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಬಾವಡಿಗಳು ಗೋಡೆಯ ಒಳಗಿದ್ದವು. ಆದರೆ ತೊರವಿಯ ಸುರಂಗದ ಮೊದಲೂ ಬೇಗಂ ತಲಾಬವೂ ಗೋಡೆಯ ಹೊರಗಿದ್ದವು. ೯೬ ಬುರುಜುಗಳು ಕಾಯುತ್ತಿದ್ದುದು ನೀರು ಕುಡಿಯುವ ಬಾಯನ್ನೇ ಹೊರತು ನೀರು ಹುಟ್ಟುವ ಮೂಲವನ್ನಲ್ಲ. ಆ ಮೂಲವನ್ನು ಕಾಯಬೇಕಾದುದು ಬಯಲಿನಲ್ಲಿ ನಿಲ್ಲುವ ದಂಡು. ಆದುದರಿಂದ ಕೋಟೆಯ ಬಲವೆಲ್ಲವೂ ಕಡೆಗೆ ದಂಡಿನ ಮೇಲೆ, ದಂಡಿನ ಬಲವು ಅದರ ಸಂಬಳದ ಮೇಲೆ ನಿಂತಿತು.

೫

ಆ ದಂಡು ಎಷ್ಟಿದ್ದಿತು? ಮಿರ್ಜಾ ಇಬ್ರಾಹಿಂ ಝುಬೇರಿಯು ೧೮೨೪ರಲ್ಲಿ ಬರೆದ ಬಸಾತೀನ್-ಉಸ್-ಸಲಾತೀನ್ ಎಂಬ ಪಾರಸಿ ಇತಿಹಾಸದಲ್ಲಿ ಮಹಮ್ಮದ ಆದಿಲಶಾಹನ ಕಾಲದ ಲೆಕ್ಕವನ್ನು ಕೊಟ್ಟಿರುವನು. ಅದರ ಮೇರೆಗೆ ರಾಜ್ಯದ ವಾರ್ಷಿಕ ಆದಾಯವು ೭ ಕೋಟಿ ೮೪ ಲಕ್ಷ ರೂಪಾಯಿ. ಅಧೀನ ಅರಸರಿಂದಲೂ ಪಾಳೆಯಗಾರರಿಂದಲೂ ಬರಬೇಕಾದ ಕಪ್ಪವು ೫ ಕೋಟಿ ೨೫ ಲಕ್ಷ. ಸೈನ್ಯದಲ್ಲಿ ೮೦,೦೦೦ ರಾವುತರು, ೨,೫೦,೦೦೦ ಕಾಲಾಳುಗಳು, ೫೩೦ ಯುದ್ಧದಾನೆಗಳು. ಈ ಗ್ರಂಥವು ಸುಲ್ತಾನನ ಮರಣಕ್ಕೆ ನೂರರವತ್ತೆಂಟು ವರುಷ ಈಚಿನದಾದುದರಿಂದಲೂ, ಇವು ಕಾಗದದ ಮೇಲಣ ಸಂಖ್ಯೆಗಳಾದುದರಿಂದಲೂ ಇವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಕಾಗದದ ಮೇಲಣ ಸಂಖ್ಯೆಗಳೆಂಬುದೇ ಇಲ್ಲಿ ಮುಖ್ಯವಾದ ಮಾತು. ಆ ಸಂಖ್ಯೆಗಳಿಗನುಸಾರವಾಗಿ ಸರದಾರರಿಗೆ ಜಹಗೀರುಗಳು ಹಂಚಲ್ಪಟ್ಟಿದ್ದವು. ಇಂತಿಷ್ಟು ಕುದುರೆಗಳನ್ನು ಸಾಕಬೇಕೆಂದು ಭೂಮಿಯನ್ನು ಪಡೆದವನು ಅಷ್ಟನ್ನು ಸಾಕಿದರೂ ಸಾಕದಿದ್ದರೂ ಭೂಮಿಯ ಹುಟ್ಟುವಳಿಯು ಅವನದೇ.

ರಾಜ್ಯವು ಈ ಹಾದಿಯನ್ನು ಹಿಡಿದುದಕ್ಕೂ ಕಾರಣವಿದ್ದಿತು. ೧೬೩೬ರಲ್ಲಿ ಮಹಮ್ಮದನು ಶಹಜಹಾನನೊಡನೆ ಒಪ್ಪಂದ ಮಾಡಿಕೊಂಡನು. ಮೊಗಲರ ಮೇಲಾಳಿಕೆಯನ್ನು ಒಪ್ಪಿ ೨೦ ಲಕ್ಷ ರೂಪಾಯಿಯ ಕಾಣಿಕೆಯನ್ನು ಕೊಡಬೇಕಾಯಿತಾದರೂ, ಅಳಿದ ನಿಜಾಮಶಾಹಿಯ ಪ್ರಾಂತಗಳಲ್ಲಿ ವರ್ಷಕ್ಕೆ ೨೦ ಲಕ್ಷ ಹೊನ್ನು, ಎಂದರೆ ಸುಮಾರು ೮೦ ಲಕ್ಷ ರೂಪಾಯಿ ಹುಟ್ಟುವ ಭೂಮಿಯು ವಿಜಾಪುರಕ್ಕೆ ಬಂದಿತು. ಉತ್ತರದ ಬಾಗಿಲು ಮುಚ್ಚಿದುದರಿಂದ ದಂಡು ದಕ್ಷಿಣಕ್ಕೆ ತಿರುಗಿತು. ರಣದುಲ್ಲಾಖಾನನ ದಂಡು ಇಕ್ಕೇರಿಯ ಮೇಲೆ ಹೋಯಿತು. ೧೬೩೮ರಲ್ಲಿ ಬೆಂಗಳೂರು ವಶವಾಗಿ ಶಹಾಜಿಗೆ ಜಹಗೀರಾಯಿತು. ೧೬೪೯ರಲ್ಲಿ ತಮಿಳು ನಾಡಿನ ಜಿಂಜಿಯೂ ಸೇರಿತು. ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ರಾಜ್ಯವು ಹಬ್ಬಿತು. ನೋಡುವವರಿಗೆ ಇದು ಉನ್ನತಿಯ ತುದಿ. ಆದರೆ ಗೆದ್ದ ಪ್ರತಿಯೊಂದು ಪ್ರಾಂತವೂ ಅದನ್ನು ಗೆದ್ದ ಸರದಾರನ ಜಹಗೀರಾಯಿತು. ಬೊಕ್ಕಸಕ್ಕೆ ಬಂದುದು ಕಪ್ಪದ ವಾಗ್ದಾನ. ಮೇಲಣ ಲೆಕ್ಕದಲ್ಲಿ ೫ ಕೋಟಿ ೨೫ ಲಕ್ಷವು ಬಂದ ಹಣವಲ್ಲ, ಬರಬೇಕಾದ ಹಣ. ಬರಬೇಕಾದ ಹಣವನ್ನು ನೆಚ್ಚಿ ಇರಿಸಿದ ದಂಡು, ಹಣ ಬಾರದ ದಿನ ಏನು ಮಾಡುವುದೆಂಬುದನ್ನು ಯಾರೂ ವಿಚಾರಿಸಿದಂತೆ ತೋರುವುದಿಲ್ಲ.

೧೬೫೬ರಲ್ಲಿ ಮಹಮ್ಮದನು ಕಾಲವಾದೊಡನೆಯೇ ಪರೀಕ್ಷೆಯು ಬಂದಿತು. ೧೬೫೭ರಲ್ಲಿ ಔರಂಗಜೇಬನು ಬೀದರ, ಕಲ್ಯಾಣಗಳನ್ನು ಹಿಡಿದನು. ಒಪ್ಪಂದದಲ್ಲಿ ವಿಜಾಪುರವು ಆ ಕೋಟೆಗಳೊಡನೆ ಪರಂಡೆಯನ್ನೂ, ಒಂದೂವರೆ ಕೋಟಿ ರೂಪಾಯಿಯನ್ನೂ ಕೊಡಲು ಒಪ್ಪಬೇಕಾಯಿತು. ಅದರಲ್ಲಿ ಅರ್ಧ ಕೋಟಿಯು ಮಾಫಾಯಿತು. ಝುಬೇರಿಯ ಲೆಕ್ಕವನ್ನೇ ಹಿಡಿದರೂ ಒಂದೂವರೆ ಕೋಟಿಯೆಂಬುದು ಕಪ್ಪವನ್ನು ಬಿಟ್ಟು ಉಳಿದ ವಾರ್ಷಿಕ ಆದಾಯದ ಸುಮಾರು ಐದರಲ್ಲಿ ಒಂದು ಪಾಲು. ಮೂರು ಲಕ್ಷಕ್ಕೂ ಮೀರಿದ ದಂಡನ್ನು ಸಾಕುವೆನೆಂದ ರಾಜ್ಯವು ಶಾಂತಿಯನ್ನು ಹಣ ಕೊಟ್ಟು ಕೊಳ್ಳಬೇಕಾಯಿತು.

೬

೧೬೬೫ರ ಕಡೆಯಲ್ಲಿ ಮಿರ್ಜಾ ರಾಜಾ ಜಯಸಿಂಹನು ಮೊಗಲ ಸೈನ್ಯದೊಡನೆ ವಿಜಾಪುರದ ಮೇಲೆ ನಡೆದು ಬಂದನು. ಎರಡನೆಯ ಅಲಿಯು (೧೬೫೬–೧೬೭೨) ಕರ್ನಾಟಕದಿಂದ ೩೦,೦೦೦ ಕಾಲಾಳುಗಳನ್ನು ಕರೆಯಿಸಿ ಕೋಟೆಯಲ್ಲಿ ಇರಿಸಿದನು. ಅದಕ್ಕಿಂತ ಘೋರವಾದ ಇನ್ನೊಂದು ಕ್ರಮವನ್ನೂ ಕೈಕೊಂಡನು. ನಗರದ ಸುತ್ತ ಆರೇಳು ಮೈಲಿಗಳವರೆಗೆ ಬಾವಿಗಳನ್ನು ಮಣ್ಣಿನಿಂದ ಮುಚ್ಚಿಸಿ, ನವರಸಪುರ ಮತ್ತು ಶಹಾಪುರಗಳ ಕೆರೆಗಳನ್ನು ಬರಿದು ಮಾಡಿಸಿ, ಬೆಳೆಯನ್ನೂ ಮರಗಳನ್ನೂ ಹಾಳುಗೆಡವಿಸಿದನು. ೧೬೬೫ರ ಡಿಸೆಂಬರ ೨೯ರಂದು ನಗರದಿಂದ ಸುಮಾರು ಹನ್ನೆರಡು ಮೈಲಿಯ ದೂರಕ್ಕೆ ಬಂದಿದ್ದ ಜಯಸಿಂಹನು ನೀರೂ ಕಾಳೂ ಇಲ್ಲದೆ, ದೊಡ್ಡ ತೋಪುಗಳೂ ಇಲ್ಲದೆ, ವಾರ ಕಳೆಯುವುದರೊಳಗಾಗಿ ೧೬೬೬ರ ಜನವರಿ ೫ರಂದು ಹಿಂದೆ ಸರಿದನು.

ಇದನ್ನು ವಿಜಯವೆಂದು ಬರೆಯುವುದು ವಾಡಿಕೆ. ಸೇನಾದೃಷ್ಟಿಯಿಂದ ಅದು ವಿಜಯವೇ ಸರಿ. ಆದರೆ ಅದರ ಖರ್ಚನ್ನು ಯಾವ ಕಚೇರಿಯ ಲೆಕ್ಕದಲ್ಲಿಯೂ ಹುಡುಕಬಾರದು; ಮುಚ್ಚಿದ ಬಾವಿಗಳಲ್ಲಿ ಹುಡುಕಬೇಕು. ಕರಿನೆಲದ ನಾಡಿನಲ್ಲಿ ಬಾವಿಯೊಂದನ್ನು ಮುಚ್ಚಲು ಒಂದು ದಿನ ಸಾಕು. ತಿರುಗಿ ತೋಡಿ ಕಟ್ಟಲು ಒಂದು ಕುಟುಂಬದ ಹಲವು ವರುಷಗಳ ಉಳಿತಾಯವು ಬೇಕು. ಕೋಟೆಯನ್ನು ಉಳಿಸಲು ಜನಪದವನ್ನು ಬಲಿಕೊಟ್ಟುದು ಕೌಟಿಲ್ಯನು ಹೇಳಿದ ಕ್ರಮವನ್ನು ತಲೆಕೆಳಗು ಮಾಡಿದಂತಾಯಿತು. ಅದರ ಫಲವು ಆ ವರ್ಷ ಕಾಣಲಿಲ್ಲ; ಇಪ್ಪತ್ತು ವರುಷಗಳ ಮೇಲೆ ಕಂಡಿತು.

೭

೧೬೭೨ರಲ್ಲಿ ಬಾಲಕನಾದ ಸಿಕಂದರನು ಪಟ್ಟಕ್ಕೆ ಬಂದನು. ಅಧಿಕಾರವು ಮೊದಲು ಹಬಸಿಯಾದ ಖವಾಸಖಾನನ ಕೈಯಲ್ಲಿ, ೧೬೭೫ರಿಂದ ಪಠಾಣರ ಮುಖಂಡನಾದ ಬಹಲೋಲಖಾನನ ಕೈಯಲ್ಲಿ ಇದ್ದಿತು. ೧೬೭೭ರ ಡಿಸೆಂಬರದಲ್ಲಿ ಬಹಲೋಲನು ಸತ್ತಾಗ ಅವನ ಪಠಾಣ ಸಿಪಾಯಿಗಳಿಗೆ ಸಂಬಳವು ಬಹುಕಾಲದಿಂದ ಬಾಕಿ ನಿಂತಿದ್ದಿತು. ಆ ಬಾಕಿಯನ್ನು ತೀರಿಸುವೆನೆಂಬ ಕರಾರಿನ ಮೇಲೆಯೇ ಸಿದ್ದಿ ಮಸೂದನು ೧೬೭೮ರಲ್ಲಿ ಮಂತ್ರಿಯಾದನು. ಬಾಕಿಯು ತೀರಲಿಲ್ಲ. ಸಿಪಾಯಿಗಳು ಊರೊಳಗೆ ದಂಗೆಯೆದ್ದು, ಹಣವಿದ್ದವರ ಮೇಲೆ ಬಿದ್ದು ಹಿಂಸಿಸಿ ಹಣವನ್ನು ಕಸಿದುಕೊಂಡರು. ಹಗೆಯ ದಂಡನ್ನು ಹೊರಗೆ ತಡೆದ ಗೋಡೆಯು ತನ್ನ ದಂಡಿನಿಂದ ನಗರವನ್ನು ಕಾಯಲಾರದೆ ಹೋಯಿತು. ಇಂತಹುದು ವಿಜಾಪುರದಲ್ಲಿ ಮಾತ್ರ ನಡೆದುದಲ್ಲ. ಯುರೋಪಿನಲ್ಲಿ ಅತ್ಯಂತ ಬಲಿಷ್ಠವೆನಿಸಿದ್ದ ಸ್ಪೇನ್ ರಾಜ್ಯವು ೧೫೭೫ರಲ್ಲಿ ಸಾಲಗಾರರಿಗೆ ಹಣ ಕೊಡುವುದನ್ನು ನಿಲ್ಲಿಸಿತು. ಮರು ವರ್ಷ, ೧೫೭೬ರ ನವೆಂಬರ ೪ರಂದು, ಸಂಬಳ ಕಾಣದ ಆ ರಾಜ್ಯದ ಸೈನಿಕರೇ ತಮ್ಮ ಅರಸನ ಆಳಿಕೆಗೆ ಸೇರಿದ ಆಂಟ್ವರ್ಪ್ ಎಂಬ ವ್ಯಾಪಾರನಗರವನ್ನು ಸುಲಿದು ಸುಟ್ಟರು. ಸಂಬಳವಿಲ್ಲದ ದಂಡಿನ ವಿಷಯದಲ್ಲಿ ಕೌಟಿಲ್ಯನ ತರ್ಕವು ದೇಶಕಾಲಗಳ ಹಂಗಿಲ್ಲದೆ ನಿಜವಾಗುತ್ತದೆ.

೧೬೭೯ರಲ್ಲಿ ಮೊಗಲ ಸೇನಾನಿ ದಿಲೇರಖಾನನು ವಿಜಾಪುರವನ್ನು ಮುತ್ತಿದಾಗ ಮಸೂದನು ಶಿವಾಜಿಯ ನೆರವನ್ನು ಬೇಡಿದನು. ಶಿವಾಜಿಯು ಕಳುಹಿಸಿದುದರಲ್ಲಿ ರಾವುತರಷ್ಟೇ ಅಲ್ಲ, ದವಸವನ್ನು ಹೇರಿದ ಎತ್ತುಗಳೂ ಇದ್ದವು. ನಗರಕ್ಕೆ ಆಗ ಏನು ಇಲ್ಲದೆ ಹೋಗಿದ್ದಿತೆಂಬುದಕ್ಕೆ ಇದೇ ಸಾಕ್ಷಿ. ಕೋಟೆಯನ್ನು ಹಿಡಿಯಲಾರದ ದಿಲೇರಖಾನನು ನವೆಂಬರದಲ್ಲಿ ಪಶ್ಚಿಮಕ್ಕೆ ತಿರುಗಿ, ನಗರದಿಂದ ಸುಮಾರು ೨೦ ಕಿಲೋಮೀಟರು ದೂರದ ತಿಕೋಟೆಯ ಮೇಲೆ ಬಿದ್ದನು. ಇಂದು ತಾಲ್ಲೂಕಿನ ಕೇಂದ್ರವಾಗಿರುವ ಈ ಊರು ಆಗಲೂ ಸಂಪನ್ನವಾಗಿದ್ದಿತು. ಇತಿಹಾಸಕಾರ ಜದುನಾಥ ಸರಕಾರರು ಸಂಗ್ರಹಿಸಿರುವಂತೆ, ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ಹೆಂಗಸರು ಮಕ್ಕಳೊಡನೆ ತಮ್ಮ ಮನೆಗಳ ಬಳಿಯ ಬಾವಿಗಳಲ್ಲಿ ಬಿದ್ದು ಪ್ರಾಣಬಿಟ್ಟರು. ಎರಡೂ ಮತದ ಸುಮಾರು ಮೂರು ಸಾವಿರ ಜನರು ಸೆರೆಯಾದರು. ಮುಂದೆ ಅಥಣಿಯ ಪೇಟೆಗೂ ಅದೇ ಗತಿಯಾಯಿತು. ವಿಜಾಪುರದ ೯೬ ಬುರುಜುಗಳಲ್ಲಿ ಒಂದೂ ತಿಕೋಟೆಯ ಒಂದು ಮನೆಯನ್ನು ಕಾಯಲಿಲ್ಲ. ಆದರೆ ಆ ಬುರುಜುಗಳಿಗೆ ಕಲ್ಲು ಹೊರಿಸಿದ ಕಂದಾಯವು ಇಂತಹ ಊರುಗಳಿಂದಲೇ ಹುಟ್ಟಿದುದು.

ಬರಿದಾದ ಬೊಕ್ಕಸದೊಡನೆ ಹೆಣಗಿ ಬೇಸತ್ತು ಮಸೂದನು ೧೬೮೩ರಲ್ಲಿ ಅಧಿಕಾರವನ್ನು ಬಿಟ್ಟು ತನ್ನ ಆದವಾನಿಗೆ ಹೊರಟುಹೋದನು. ೧೬೮೫ರ ಏಪ್ರಿಲ ೧ರಂದು ಕಡೆಯ ಮುತ್ತಿಗೆಯು ಮೊದಲಾಯಿತು. ಮುತ್ತಿದವರೂ ಹಸಿವಿನಿಂದ ಬಳಲಿದರು. ಆದರೆ ಅವರಿಗೆ ಹೊರಗಿನಿಂದ ದವಸವನ್ನು ತರಿಸುವ ಸಾಮರ್ಥ್ಯವಿದ್ದಿತು; ಒಳಗಿನವರಿಗೆ ಅದಿರಲಿಲ್ಲ. ೧೬೮೬ರ ಜುಲೈಯಲ್ಲಿ ಔರಂಗಜೇಬನು ಸ್ವತಃ ಬಂದು ನಿಂತನು. ಸೆಪ್ಟೆಂಬರ ೧೨ರಂದು ಸಿಕಂದರನು ಶರಣಾಗತನಾದಾಗ ಕೋಟೆಯೊಳಗೆ ಕಾದಲು ಉಳಿದಿದ್ದವರು ಸುಮಾರು ಎರಡು ಸಾವಿರ ಜನರು. ಕಾಗದದ ಮೇಲೆ ಮೂರು ಲಕ್ಷ ಮೂವತ್ತು ಸಾವಿರವಿದ್ದ ದಂಡಿನಲ್ಲಿ ನೂರರವತ್ತೈದಕ್ಕೆ ಒಬ್ಬನಂತೆ ಉಳಿದಿದ್ದರು. ಬಾಗಿಲನ್ನು ತೆರೆದುದು ತೋಪಲ್ಲ, ಹಸಿವು. ೧೬೩೨ರಲ್ಲಿಯೂ ೧೬೬೬ರಲ್ಲಿಯೂ ಹಗೆಯನ್ನು ಓಡಿಸಿದ ಅದೇ ಹಸಿವು ಮೂರನ� ಸಲ ಮನೆಯವರ ಮೇಲೆಯೇ ತಿರುಗಿತು.

೮

ಇಲ್ಲಿ ಎರಡು ಆಕ್ಷೇಪಗಳಿಗೆ ಸಮಾಧಾನ ಹೇಳಬೇಕು. ಮೊದಲನೆಯದು ವಿಲಾಸದ ಆಕ್ಷೇಪ. ಗೋಳಗುಮ್ಮಟದಂತಹ ಗೋರಿಗೆ ಹಣವನ್ನು ಸುರಿದ ರಾಜ್ಯವು ಸೇನೆಯಿಂದ ಬಡವಾಯಿತೆನ್ನುವುದು ಹೇಗೆ ಎಂದು ಕೇಳಬಹುದು. ಒಳಗಿನ ಹರವು ಹದಿನೆಂಟು ಸಾವಿರ ಚದರಡಿಗೂ ಮೀರಿದ, ಹೊರ ವ್ಯಾಸ ಸುಮಾರು ೧೪೪ ಅಡಿಯ ಗುಮ್ಮಟವುಳ್ಳ ಆ ಕಟ್ಟಡದ ವೆಚ್ಚವು ಅಲ್ಪವಾಗಿರಲಾರದು. ಆದರೆ ಅರಮನೆ, ಗೋರಿಗಳ ವೆಚ್ಚಕ್ಕೆ ಒಂದು ಗುಣವುಂಟು: ಹಣವಿಲ್ಲದ ದಿನ ಅದು ತಾನಾಗಿ ನಿಲ್ಲುತ್ತದೆ. ಎರಡನೆಯ ಅಲಿಯ ಗೋರಿಯಾದ ಬಾರಾಕಮಾನು ಬರಿಯ ಕಮಾನುಗಳಾಗಿ ಅರ್ಧಕ್ಕೆ ನಿಂತಿರುವುದೇ ಇದಕ್ಕೆ ಸಾಕ್ಷಿ. ಕಲ್ಲುಕುಟಿಗನಿಗೆ ಕೂಲಿಯಿಲ್ಲವಾದರೆ ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು ಮನೆಗೆ ಹೋಗುತ್ತಾನೆ. ಸಿಪಾಯಿಗೆ ಸಂಬಳವಿಲ್ಲವಾದರೆ ಕೈಯಲ್ಲಿ ಕತ್ತಿಯು ಉಳಿದೇ ಇರುತ್ತದೆ. ಎಲ್ಲ ವೆಚ್ಚಗಳಲ್ಲಿ ಸೇನಾವ್ಯಯವು ವಿಶೇಷ ಎಚ್ಚರಿಕೆಯನ್ನು ಬೇಡುವುದು ಈ ಕಾರಣದಿಂದ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಹಿಂದೂಸ್ಥಾನದ ಬಹುಭಾಗವನ್ನಾಳುತ್ತಿದ್ದ ಮೊಗಲರ ಮುಂದೆ ವಿಜಾಪುರವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ದಂಡನ್ನು ಇನ್ನೂ ಕಡಿಮೆ ಮಾಡಿದ್ದರೆ ಇನ್ನೂ ಬೇಗನೆ ಬೀಳುತ್ತಿತ್ತು ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ದಂಡಿಲ್ಲದ ರಾಜ್ಯವು ಆ ಶತಮಾನದ ದಖ್ಖಣದಲ್ಲಿ ಒಂದು ವರ್ಷವೂ ಬಾಳುತ್ತಿರಲಿಲ್ಲ. ಆದರೆ ಇಲ್ಲಿಯ ಪ್ರಶ್ನೆಯು ದಂಡು ಬೇಕೋ ಬೇಡವೋ ಎಂಬುದಲ್ಲ. ಸಂಬಳ ಸಲ್ಲುವ ಮೂವತ್ತು ಸಾವಿರ ಜನರು ೧೬೬೬ರಲ್ಲಿ ನಗರವನ್ನು ಕಾದರು. ಸಂಬಳ ಸಲ್ಲದ ಲಕ್ಷಗಳು ೧೬೮೬ರಲ್ಲಿ ಇದ್ದೂ ಇಲ್ಲದಂತಾದವು. ಇನ್ನು ಗೆದ್ದವನ ಗತಿಯನ್ನು ನೋಡಿದರೆ ಈ ವಾದಕ್ಕೆ ಪೂರ್ಣವಾದ ಉತ್ತರವು ದೊರೆಯುತ್ತದೆ. ವಿಜಾಪುರವನ್ನೂ ಮರುವರ್ಷ ಗೋಲಕೊಂಡವನ್ನೂ ಗೆದ್ದ ಔರಂಗಜೇಬನು ೧೭೦೭ರಲ್ಲಿ ಅಹಮದನಗರದಲ್ಲಿ ತೀರಿಕೊಳ್ಳುವವರೆಗೂ ದಖ್ಖಣದ ಯುದ್ಧದಿಂದ ಬಿಡುಗಡೆ ಹೊಂದಲಿಲ್ಲ. ಅವನ ಸಿಪಾಯಿಗಳ ಸಂಬಳವೂ ವರ್ಷಗಟ್ಟಲೆ ಬಾಕಿ ಬಿದ್ದಿತು. ತಲೆಮಾರುಗಳಿಂದ ಕೂಡಿಟ್ಟ ಬೊಕ್ಕಸವು ಕರಗಿತು. ಸಣ್ಣ ರಾಜ್ಯವನ್ನು ಕೊಂದ ರೋಗವೇ ದೊಡ್ಡ ರಾಜ್ಯವನ್ನೂ ಹಿಡಿಯಿತು.

೯

ಪತನದ ಅನಂತರ ೧೬೮೮ರಲ್ಲಿ ನಗರದಲ್ಲಿ ಪ್ಲೇಗು ಹಬ್ಬಿತು. ಮೊಗಲರ ಸೇವೆಯಲ್ಲಿದ್ದ ಭೀಮಸೇನನು ಕೆಲವು ವರ್ಷಗಳ ಮೇಲೆ ವಿಜಾಪುರವನ್ನೂ ನವರಸಪುರವನ್ನೂ ಕಂಡು, ಜನರು ಚದರಿಹೋಗಿರುವುದನ್ನೂ, ಹಿಂದೆ ಸಮೃದ್ಧವಾಗಿದ್ದ ಬಾವಿಗಳ ನೀರು ಸಹ ಕಡಿಮೆಯಾಗಿರುವುದನ್ನೂ ಬರೆದಿಟ್ಟಿದ್ದಾನೆ. ಕೊಳವೆಗಳನ್ನು ಸರಿಪಡಿಸುವವರಿಲ್ಲದ, ಬಾವಿಯ ಹೂಳು ತೆಗೆಯುವವರಿಲ್ಲದ ಊರಿನಲ್ಲಿ ಅದು ಸಹಜವೇ. ಸೆರೆಯಾದ ಸಿಕಂದರನು ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ವೇತನದ ಮೇಲೆ ಬದುಕಿ ೧೭೦೦ರಲ್ಲಿ ತೀರಿಕೊಂಡನು. ಮಲಿಕ್-ಎ-ಮೈದಾನದ ಕಥೆಯು ಇನ್ನೂ ವಿಚಿತ್ರವಾದುದು. ೧೮೫೪ರಲ್ಲಿ ಬ್ರಿಟಿಷ್ ಅಧಿಕಾರಿಗಳು ಉಪಯೋಗವಿಲ್ಲದ ಸಾಮಾನೆಂದು ಅದನ್ನು ಹರಾಜಿಗೆ ಇಟ್ಟಾಗ ಬಂದ ಮೇಲಿನ ಸವಾಲು ೧೫೦ ರೂಪಾಯಿ. ಮೇಲಧಿಕಾರಿಗಳಿಗೆ ತಿಳಿದು ಹರಾಜು ರದ್ದಾದುದರಿಂದ ತೋಪು ಉಳಿಯಿತು.

ಒಟ್ಟಿನಲ್ಲಿ ಈ ಇತಿಹಾಸದಿಂದ ತಿಳಿಯುವುದಿಷ್ಟು. ಸೇನಾವ್ಯಯವು ಅತಿಯಾಯಿತೇ ಎಂಬುದನ್ನು ಮೊತ್ತದಿಂದ ಅಳೆಯಲಾಗದು. ೧೫೬೫ರ ವಿಜಾಪುರವು ದೊಡ್ಡ ವೆಚ್ಚವನ್ನು ಮಾಡಿಯೂ ಬೆಳೆಯಿತು. ೧೬೭೮ರ ವಿಜಾಪುರವು ಸಿಪಾಯಿಗಳ ಬಾಕಿಯನ್ನು ಸಹ ತೀರಿಸಲಾರದೆ ಕೆಟ್ಟಿತು. ಕೇಳತಕ್ಕ ಪ್ರಶ್ನೆಗಳು ಎರಡು. ಇಟ್ಟ ದಂಡಿಗೆ ಸಂಬಳವು ಕೈಗೆ ಬಂದ ಹಣದಿಂದ ಸಲ್ಲುತ್ತಿದೆಯೇ, ಅಥವಾ ಬರಬೇಕಾದ ಹಣವನ್ನು ನೆಚ್ಚಿದೆಯೇ? ಕಾಪಾಡಬೇಕಾದ ನೀರು, ಕಾಳು, ಜನ ಇವು ಆ ವೆಚ್ಚದ ಆಚೆಗೂ ಉಳಿಯುತ್ತವೆಯೇ, ಅಥವಾ ಅವನ್ನೇ ತೆತ್ತು ಕೋಟೆಯನ್ನು ಉಳಿಸಿಕೊಳ್ಳಲಾಗುತ್ತಿದೆಯೇ? ೨೦೨೫–೨೬ರ ಆಯವ್ಯಯದಲ್ಲಿ ಭಾರತವು ರಕ್ಷಣೆಗೆಂದು ಸುಮಾರು ೬ ಲಕ್ಷ ೮೧ ಸಾವಿರ ಕೋಟಿ ರೂಪಾಯಿಗಳನ್ನು, ಎಂದರೆ ಕೇಂದ್ರ ಸರಕಾರದ ಒಟ್ಟು ವೆಚ್ಚದಲ್ಲಿ ಶೇಕಡಾ ೧೩ಕ್ಕೂ ಹೆಚ್ಚಿನ ಪಾಲನ್ನು ತೆಗೆದಿರಿಸಿತು. ಇದು ಹೆಚ್ಚೆಂಬವರೂ ಸಾಲದೆಂಬವರೂ ಸಂಖ್ಯೆಯನ್ನೇ ಹಿಡಿದು ವಾದಿಸುತ್ತಾರೆ. ನಾಡು ಪ್ರಜಾಪ್ರಭುತ್ವವಾಗಿದೆ, ಜಹಗೀರುಗಳು ಅಳಿದಿವೆ, ಸಂಬಳವು ತಿಂಗಳಿಗೆ ಸರಿಯಾಗಿ ಸಲ್ಲುತ್ತದೆ. ಆದುದರಿಂದ ವಿಜಾಪುರದ ಮೊದಲನೆಯ ಪ್ರಶ್ನೆಯು ಇಂದಿನ ಭಾರತಕ್ಕೆ ಅಷ್ಟಾಗಿ ತಟ್ಟದು. ಎರಡನೆಯ ಪ್ರಶ್ನೆಯು ಯಾವ ಕಾಲದ ಯಾವ ರಾಷ್ಟ್ರಕ್ಕೂ ತಪ್ಪಿದುದಲ್ಲ. ಗಡಿಯನ್ನು ಕಾಯುವ ಹಣವು ತಿಕೋಟೆ, ಬಬಲೇಶ್ವರಗಳಂತಹ ಊರುಗಳ ಕೆರೆ ಬಾವಿಗಳಿಂದ ಕಿತ್ತುಕೊಂಡುದೋ, ಅವು ತುಂಬಿದ ಮೇಲೆ ಮಿಕ್ಕುದೋ ಎಂಬುದನ್ನು ನೋಡಿಯೇ ಅದು ಅತಿಯೋ ಮಿತವೋ ಎಂದು ಹೇಳತಕ್ಕದ್ದು. ಜನಪದವನ್ನು ದುರ್ಗಕ್ಕಿಂತಲೂ, ಕೋಶವನ್ನು ದಂಡಿಗಿಂತಲೂ ಮೊದಲಿಟ್ಟ ಶಾಸ್ತ್ರಕಾರನ ಕ್ರಮವನ್ನು ವಿಜಾಪುರದ ಇತಿಹಾಸವು ತನ್ನ ಏಳಿಗೆಯಿಂದಲೂ ಬೀಳಿನಿಂದಲೂ ಸಮರ್ಥಿಸಿದೆ.